‘ಮದುವೆ ಅಂದ್ರೆ ಗಂಡು–ಹೆಣ್ಣು’: ಈ ವಾದ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು?

ಪ್ರಶ್ನೆ: ಮನೆಯಲ್ಲಿ ಸಲಿಂಗ ಮದುವೆಯ ಮಾತು ಬಂದಾಗಲೆಲ್ಲ ಜಗಳ. ‘ಮದುವೆ ಅಂದ್ರೇನೇ ಗಂಡು ಹೆಣ್ಣಿಂದು ಕಣಮ್ಮ, ಅದಿರೋದೇ ಮಕ್ಕಳು ಮರಿಗೆ. ಇದಕ್ಕೆ ಹೂಂ ಅಂದ್ರೆ ನಾಳೆ ಮೂರು ಜನ ಬಂದು ನಮ್ಗೂ ಮಾಡ್ಸಿ ಅಂತಾರೆ’ ಎನ್ನುತ್ತಾರೆ ಚಿಕ್ಕಪ್ಪ. ‘ಇದು ಸಮಾನತೆಯ ಪ್ರಶ್ನೆ, ಅಷ್ಟೇ’ ಎನ್ನುತ್ತೇನೆ ನಾನು. ಇಬ್ಬರೂ ಅಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ. ಇಲ್ಲಿ ನಿಜಕ್ಕೂ ತಾತ್ತ್ವಿಕ ವಾದ ಎಂಬುದೊಂದು ಇದೆಯೇ, ಅಥವಾ ಬರೀ ಪೂರ್ವಗ್ರಹವೇ? ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ವಿಷಯದಲ್ಲಿ ಅಷ್ಟು ಸ್ಪಷ್ಟವಾಗಿದ್ದ ಸುಪ್ರೀಂ ಕೋರ್ಟ್ ಮದುವೆಯ ವಿಷಯದಲ್ಲಿ ಏಕೆ ಹಿಂದೆ ಸರಿಯಿತು? (ಓದುಗರು, ಶಿವಮೊಗ್ಗ)

ಉತ್ತರ: ವಾದ ಇದೆ. ನಿಮ್ಮ ಚಿಕ್ಕಪ್ಪ ಒಂದೇ ಉಸಿರಿನಲ್ಲಿ ಮೂರು ವಾದ ಹೇಳಿಬಿಟ್ಟಿದ್ದಾರೆ. ‘ಗಂಡು ಹೆಣ್ಣಿಂದು’ ಎನ್ನುವುದು ವ್ಯಾಖ್ಯೆಯ ವಾದ, ‘ಮಕ್ಕಳು ಮರಿಗೆ’ ಎನ್ನುವುದು ಉದ್ದೇಶದ ವಾದ, ‘ನಾಳೆ ಮೂರು ಜನ’ ಎನ್ನುವುದು ಗಡಿಯ ವಾದ. ಮೂರಕ್ಕೂ ಉತ್ತರ ಬೇರೆ ಬೇರೆ. ನೀವು ಮೂರಕ್ಕೂ ಸೇರಿಸಿ ‘ಸಮಾನತೆ’ ಎಂಬ ಒಂದೇ ಉತ್ತರ ಕೊಟ್ಟಿದ್ದೀರಿ. ಜಗಳ ನಿಂತಲ್ಲೇ ನಿಂತಿರುವುದು ಅದಕ್ಕೇ. ಪೂರ್ವಗ್ರಹವೂ ಇರಬಹುದು, ಆದರೆ ಎದುರಿನವರಿಗೆ ಪೂರ್ವಗ್ರಹವಿದೆ ಎಂದು ತೋರಿಸಿದ ಮಾತ್ರಕ್ಕೆ ಅವರ ವಾದ ಬಿದ್ದುಹೋಗುವುದಿಲ್ಲ.

ವ್ಯಾಖ್ಯೆಯ ವಾದವನ್ನು ಬೇಗ ಮುಗಿಸಬಹುದು. ಮದುವೆಯಲ್ಲಿ ಯಾವುದು ಮೂಲಭೂತ ಎಂದು ನಮ್ಮ ಹಿರಿಯರು ತಿಳಿದಿದ್ದರೋ ಅದರಲ್ಲಿ ಬಹಳಷ್ಟು ಈಗಾಗಲೇ ಬದಲಾಗಿದೆ. ಸಗೋತ್ರ ಮದುವೆಗೆ ಕಾನೂನಿನ ಅಡ್ಡಿ ತೆಗೆದದ್ದು 1946ರ ಕಾಯ್ದೆ. ಹಿಂದೂ ಗಂಡಸು ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಕಟ್ಟಿಕೊಳ್ಳುವುದನ್ನು ದೇಶದ ಉದ್ದಗಲಕ್ಕೂ ನಿಲ್ಲಿಸಿದ್ದು 1955ರ ಕಾಯ್ದೆ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಗೆ ತಡೆ ಹಾಕಿದಾಗ ‘ಧರ್ಮಕ್ಕೆ ಕೈ ಹಾಕಬೇಡಿ’ ಎಂಬ ಕೂಗೆದ್ದಿತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾದಾಗ ಬಿಜ್ಜಳನ ಆಸ್ಥಾನಕ್ಕೆ ಅದು ಮದುವೆಯಾಗಿ ಕಾಣಲೇ ಇಲ್ಲ. ಬೀಗರಿಬ್ಬರಿಗೂ ಎಳೆಹೂಟೆ (ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ) ಆಯಿತು ಎನ್ನುತ್ತದೆ ಶರಣ ಪರಂಪರೆ.

ಚಿಕ್ಕಪ್ಪ ಇದಕ್ಕೊಂದು ಒಳ್ಳೆಯ ಮರುಮಾತು ಹೇಳಬಹುದು: ‘ಅವೆಲ್ಲ ಯಾರು, ಎಷ್ಟು ಜನ, ಯಾವ ವಯಸ್ಸು ಅನ್ನೋ ಬದಲಾವಣೆ. ಗಂಡು–ಹೆಣ್ಣು ಅನ್ನೋ ತಿರುಳು ಎಂದೂ ಬದಲಾಗಿಲ್ಲ.’ ಸರಿ. ಆದರೆ ಇಷ್ಟರಲ್ಲಿ ಅದೇ ತಿರುಳು ಏಕೆ ಎಂದು ಹೇಳಬೇಕಾದ ಹೊಣೆ ಅವರ ಮೇಲೆ ಬಿತ್ತು. ಹಾಗೆ ಹೇಳಹೊರಟರೆ ವ್ಯಾಖ್ಯೆ ಬಿಟ್ಟು ಉದ್ದೇಶಕ್ಕೇ ಬರಬೇಕು. ‘ಸಲಿಂಗಿಗೂ ವಿರುದ್ಧ ಲಿಂಗದವರನ್ನು ಮದುವೆಯಾಗುವ ಹಕ್ಕಿದೆಯಲ್ಲ, ನಿಯಮ ಎಲ್ಲರಿಗೂ ಒಂದೇ’ ಎಂಬ ಜಾಣ ಉತ್ತರವೂ ಕೇಳಿಬರುತ್ತದೆ. ಅಮೆರಿಕದ ವರ್ಜೀನಿಯಾ ರಾಜ್ಯ ಬಿಳಿಯರು ಮತ್ತು ಕರಿಯರ ನಡುವಿನ ಮದುವೆಯನ್ನು ನಿಷೇಧಿಸಿ, ಶಿಕ್ಷೆ ಇಬ್ಬರಿಗೂ ಸಮಾನ ಎಂದು ವಾದಿಸಿತ್ತು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಸಮಾನತೆಯನ್ನು ಒಪ್ಪಲಿಲ್ಲ.

ಈಗ ಉದ್ದೇಶದ ವಾದ. ಇದನ್ನು ಅದರ ಅತ್ಯಂತ ಗಟ್ಟಿ ರೂಪದಲ್ಲೇ ಎದುರಿಸಬೇಕು. ಅದನ್ನು ಕಟ್ಟಿದವರು ಆಕ್ಸ್‌ಫರ್ಡ್‌ನ ಜಾನ್ ಫಿನ್ನಿಸ್, ಪ್ರಿನ್ಸ್‌ಟನ್‌ನ ರಾಬರ್ಟ್ ಜಾರ್ಜ್, ಆಮೇಲೆ ಜಾರ್ಜ್ ಜೊತೆ ಬರೆದ ಶರೀಫ್ ಗಿರ್ಗಿಸ್ ಮತ್ತು ರಯಾನ್ ಆ್ಯಂಡರ್ಸನ್. ನಿಸರ್ಗನಿಯಮ ಪಂಥದವರು ಎಂದು ಇವರನ್ನು ಕರೆಯುವುದುಂಟು. ದೇವರು, ಶಾಸ್ತ್ರ ಯಾವುದನ್ನೂ ಮುಂದಿಡದೆ ವಾದಿಸುವುದೇ ಇವರ ಪಟ್ಟು. ಅವರು ಹೇಳುವುದು ಹೀಗೆ: ಸ್ನೇಹದಲ್ಲಿ ಮನಸ್ಸು ಕೂಡುತ್ತದೆ, ಮದುವೆಯಲ್ಲಿ ಬದುಕಿನ ಎಲ್ಲ ಮಗ್ಗುಲೂ ಕೂಡಬೇಕು, ಅಂದರೆ ದೇಹವೂ. ದೇಹಗಳೆರಡು ಕೂಡಿ ಒಂದಾದವು ಎನ್ನುವುದು ಯಾವಾಗ? ಜೀರ್ಣಕ್ರಿಯೆ, ರಕ್ತ ಸಂಚಾರ, ಉಸಿರಾಟ ಎಲ್ಲಕ್ಕೂ ಒಬ್ಬರ ದೇಹ ಸಾಕು. ಸಂತಾನೋತ್ಪತ್ತಿಯೊಂದಕ್ಕೆ ಮಾತ್ರ ಒಂದು ಗಂಡುದೇಹ, ಒಂದು ಹೆಣ್ಣುದೇಹ ಸೇರಿಯೇ ಪೂರ್ಣವಾಗಬೇಕು. ಹಾಗಾಗಿ ನಿಜವಾದ ದೈಹಿಕ ಐಕ್ಯ ಅಲ್ಲಿ ಮಾತ್ರ ಸಾಧ್ಯ. ಮದುವೆಗೆ ನಿಷ್ಠೆ, ಶಾಶ್ವತತೆ ಏಕೆ ಬೇಕೆಂದರೆ ಹುಟ್ಟುವ ಮಗುವಿಗೆ ಅವೆರಡೂ ಬೇಕು. ಮಗುವಿನ ನಂಟು ಕಿತ್ತುಹಾಕಿದರೆ ಮದುವೆ ಎನ್ನುವುದು ಗಾಢವಾದ ಗೆಳೆತನವಾಗಿ ಉಳಿಯುತ್ತದೆ, ಆಗ ಇಬ್ಬರೇ ಏಕೆ, ಕೊನೆತನಕ ಏಕೆ ಎಂಬುದಕ್ಕೆ ಕಾರಣವೇ ಸಿಗುವುದಿಲ್ಲ. ಚಿಕ್ಕಪ್ಪನ ಎರಡನೆಯ ಮತ್ತು ಮೂರನೆಯ ಮಾತು ಇಲ್ಲಿ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ನೋಡಿ.

ಎಲ್ಲರಿಗೂ ಥಟ್ಟನೆ ಹೊಳೆಯುವ ಆಕ್ಷೇಪ, ಮಕ್ಕಳಾಗದ ದಂಪತಿಯದ್ದು. ಅರವತ್ತೈದರ ವಿಧುರ, ಅರವತ್ತೆರಡರ ವಿಧವೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಯಾರೂ ತಡೆಯುವುದಿಲ್ಲ. ಆ ಪಂಥದವರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ: ಮಗು ಆಗುವುದು ಬಿಡುವುದು ಮುಖ್ಯವಲ್ಲ, ನಡೆದದ್ದು ‘ಸಂತಾನ ಜಾತಿ’ಯ, ಅಂದರೆ ಮಗು ಹುಟ್ಟಿಸುವ ಬಗೆಯ, ಕ್ರಿಯೆಯೇ ಎಂಬುದು ಮುಖ್ಯ, ಎಲ್ಲ ಪಂದ್ಯ ಸೋತ ಬೇಸ್‌ಬಾಲ್ ತಂಡವೂ ಬೇಸ್‌ಬಾಲ್ ತಂಡವೇ. ಈ ಉಪಮೆ ಕುಂಟುವುದು ಇಲ್ಲೇ. ಸೋಲುವ ತಂಡ ನಾಳೆ ಗೆಲ್ಲಬಹುದು. ಗರ್ಭಕೋಶ ತೆಗೆಸಿಕೊಂಡ ಹೆಂಗಸಿನ ವಿಷಯದಲ್ಲಿ ಆ ‘ಬಹುದು’ ಎಂಬುದಕ್ಕೆ ಜಾಗವಿಲ್ಲ. ಈ ಪಂಥವನ್ನು ಟೀಕಿಸಿದ ಸ್ಟೀಫನ್ ಮಸೀಡೊ, ಆ್ಯಂಡ್ರೂ ಕೊಪೆಲ್‌ಮನ್ ಒತ್ತಿ ಹೇಳಿದ್ದು ಇದನ್ನೇ: ಆಗಲಾರದ ಸಂತಾನಕ್ಕೂ ‘ಸಂತಾನ ಜಾತಿ’ ಎಂಬ ಹೆಸರು ಅಂಟುವುದಾದರೆ, ಅಂಟಿಸುತ್ತಿರುವುದು ಜೀವಶಾಸ್ತ್ರವಲ್ಲ, ಗಂಡು–ಹೆಣ್ಣು ಎಂಬ ಹೊರರೂಪ. ಸಾಬೀತು ಮಾಡಬೇಕಾದ ಮಾತನ್ನೇ ಮೊದಲೇ ಒಳಗೆ ತೂರಿಸಿದಂತಾಯಿತು.

ಇಷ್ಟಕ್ಕೇ ಗೆದ್ದೆ ಎಂದುಕೊಳ್ಳಬೇಡಿ. ಧಾರ್ಮಿಕ ವಿಧಿಯಿಲ್ಲದೆ ನೋಂದಣಿ ಮದುವೆಗೆ ದಾರಿ ಮಾಡಿಕೊಡುವ ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯನ್ನು ಬಿಡಿಸಿ ಓದಿದರೆ ಆ ಪಂಥಕ್ಕೆ ಬಲ ಕೊಡುವಂತೆ ಕಾಣುವ ಸಾಲುಗಳಿವೆ. 24ನೇ ಕಲಂ ಪ್ರಕಾರ ಷಂಡತ್ವ ಮದುವೆಯನ್ನು ಅಸಿಂಧುಗೊಳಿಸಲು ಕಾರಣ. 25ನೇ ಕಲಂ ಪ್ರಕಾರ ಬೇಕೆಂದೇ ದೇಹಸಂಬಂಧ ನಿರಾಕರಿಸಿದ್ದರಿಂದ ಮದುವೆ ನೆರವೇರದೇ ಹೋದರೆ ಅದನ್ನು ರದ್ದುಪಡಿಸಬಹುದು. ಬಂಜೆತನಕ್ಕೆ ಮಾತ್ರ ಅಂಥ ಕಲಂ ಇಲ್ಲ. ‘ಮಕ್ಕಳನ್ನು ಬಿಡಿ, ಆ ಕ್ರಿಯೆಯನ್ನಂತೂ ಕಾನೂನೂ ಕೇಳುತ್ತದಲ್ಲ’ ಎಂದು ಬುದ್ಧಿವಂತ ಎದುರಾಳಿ ಇದನ್ನೇ ಎತ್ತಿಕೊಳ್ಳುತ್ತಾನೆ. ಆದರೆ ಆ ಕಲಂಗಳು ಯಾರ ಕೈಯಲ್ಲಿವೆ ಎಂದು ಗಮನಿಸಿ. ಅರ್ಜಿ ಹಾಕಬೇಕಾದವರು ಗಂಡ ಅಥವಾ ಹೆಂಡತಿ. ಇಬ್ಬರೂ ತೆಪ್ಪಗಿದ್ದರೆ ವಿವಾಹಾಧಿಕಾರಿಯಾಗಲಿ, ಸರ್ಕಾರವಾಗಲಿ, ಅತ್ತೆ ಮಾವನಾಗಲಿ ಬಾಯಿ ಹಾಕುವಂತಿಲ್ಲ. ನಿರೀಕ್ಷೆ ಇಟ್ಟುಕೊಂಡು ಮೋಸಹೋದವರಿಗೆ ಬಿಡುಗಡೆಯ ದಾರಿ ಅದು; ಮದುವೆಯ ಉದ್ದೇಶದ ಬಗ್ಗೆ ರಾಜ್ಯ ಕೊಟ್ಟ ತೀರ್ಪಲ್ಲ. ‘ಸಂತಾನ’ ಎಂಬ ಮಾತು 4ನೇ ಕಲಮಿನಲ್ಲಿ ಬಂದಿರುವುದೂ ತೀವ್ರ ಮಾನಸಿಕ ಕಾಯಿಲೆಯ ಸಂದರ್ಭದಲ್ಲಿ ಮಾತ್ರ.

ಇದೇ ವಾದಕ್ಕೆ ಮೆತ್ತನೆಯ ರೂಪವೊಂದಿದೆ, ನನಗೆ ಅದೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಗಂಡು–ಹೆಣ್ಣು ಕೂಡಿದರೆ ಬಯಸದೆಯೂ ಮಗು ಆಗಬಹುದು, ಆ ಮಗುವಿಗೆ ಅಪ್ಪನನ್ನು ಕಟ್ಟಿಹಾಕಲೆಂದು ಸಮಾಜ ಮದುವೆ ಎಂಬ ಗಂಟು ಕಂಡುಹಿಡಿಯಿತು, ಸಲಿಂಗ ಜೋಡಿಗೆ ಆ ಆಕಸ್ಮಿಕವೇ ಇಲ್ಲ ಎನ್ನುತ್ತದೆ ಅದು. ಮದುವೆ ಏಕೆ ಹುಟ್ಟಿತು ಎಂಬುದಕ್ಕೆ ಇದು ತಕ್ಕ ವಿವರಣೆಯೇ ಇರಬಹುದು. ಆದರೆ ಒಬ್ಬರನ್ನು ಒಳಗೆ ಬಿಟ್ಟುಕೊಳ್ಳಲು ಇರುವ ಕಾರಣ ಇನ್ನೊಬ್ಬರನ್ನು ಹೊರಗಿಡಲು ಕಾರಣವಾಗುವುದಿಲ್ಲ. ಹೊರಗಿಡಬೇಕಾದರೆ, ಅವರು ಒಳಗೆ ಬಂದರೆ ಮೊದಲಿನವರ ಗಂಟು ಸಡಿಲವಾಗುತ್ತದೆ ಎಂದು ತೋರಿಸಬೇಕು. ನೆದರ್ಲೆಂಡ್ಸ್‌ನಲ್ಲಿ 2001ರ ಏಪ್ರಿಲ್ 1ರಿಂದ ಸಲಿಂಗ ಮದುವೆ ನಡೆಯುತ್ತಿದೆ, ತೈವಾನ್‌ನಲ್ಲಿ 2019ರಿಂದ, ಥಾಯ್ಲೆಂಡ್‌ನಲ್ಲಿ 2025ರ ಜನವರಿಯಿಂದ. ಸಡಿಲವಾಯಿತು ಎನ್ನುವವರು ಅಲ್ಲಿಂದ ಸಾಕ್ಷ್ಯ ತರಬೇಕು. ಇದು ಕುಳಿತಲ್ಲೇ ತರ್ಕದಿಂದ ತೀರುವ ವಿಷಯವಲ್ಲ.

ಇನ್ನು ನಿಮ್ಮ ವಾದಕ್ಕೆ ಬರೋಣ. ‘ಸಮಾನತೆ’ ಎಂದರೆ ಸಮಾನರನ್ನು ಸಮಾನವಾಗಿ ಕಾಣುವುದು. ಯಾವ ವಿಷಯದಲ್ಲಿ ಸಮಾನರು? ಅರಿಸ್ಟಾಟಲ್‌ನಿಂದ ಹಿಡಿದು ಈ ಪ್ರಶ್ನೆಗೆ ತಪ್ಪಿಸಿಕೊಳ್ಳುವ ದಾರಿ ಯಾರಿಗೂ ಸಿಕ್ಕಿಲ್ಲ. ಡ್ರೈವಿಂಗ್ ಲೈಸೆನ್ಸ್ ವಿಷಯದಲ್ಲಿ ಕುರುಡರನ್ನೂ ಕಣ್ಣಿದ್ದವರನ್ನೂ ಬೇರೆಯಾಗಿ ಕಂಡರೆ ತಾರತಮ್ಯ ಎನ್ನುವುದಿಲ್ಲ, ಮತದಾನದಲ್ಲಿ ಹಾಗೆ ಮಾಡಿದರೆ ಎನ್ನುತ್ತೇವೆ. ಲೈಸೆನ್ಸ್ ಏತಕ್ಕೆ, ಮತ ಏತಕ್ಕೆ ಎಂಬುದು ಗೊತ್ತಿರುವುದರಿಂದ ಈ ವ್ಯತ್ಯಾಸ ಕಾಣುತ್ತದೆ. ಮದುವೆ ಏತಕ್ಕೆ ಎಂದು ಹೇಳದೆ ‘ಸಮಾನತೆ’ ಎಂದರೆ ಅರ್ಧ ವಾಕ್ಯ ಹೇಳಿದಂತೆ. ‘ರಾಜ್ಯ ತಟಸ್ಥವಾಗಿರಲಿ, ಮದುವೆಯ ಅರ್ಥ ಅವರವರಿಗೆ ಬಿಟ್ಟದ್ದು’ ಎಂಬ ಉದಾರವಾದಿ ಉತ್ತರಕ್ಕೆ ರಾಜಕೀಯ ತತ್ತ್ವಜ್ಞ ಮೈಕೆಲ್ ಸ್ಯಾಂಡೆಲ್ ಎತ್ತಿದ ತಕರಾರು ಇದೇ: ನಿಜವಾಗಿ ತಟಸ್ಥರಾಗಬೇಕಾದರೆ ರಾಜ್ಯ ಮದುವೆಯ ನೋಂದಣಿಯನ್ನೇ ಬಿಟ್ಟುಬಿಡಬೇಕು. ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಸಲಿಂಗ ಮದುವೆಯನ್ನು ಒಪ್ಪಿದಾಗ ಬರೀ ಸಮಾನತೆ ಎಂದು ನಿಲ್ಲಲಿಲ್ಲ; ನಾಗರಿಕ ವಿವಾಹದ ತಿರುಳು ಮಕ್ಕಳನ್ನು ಹೆರುವುದಲ್ಲ, ಇಬ್ಬರು ಪರಸ್ಪರರಿಗೆ ಕೊಡುವ ಶಾಶ್ವತ ಬದ್ಧತೆ ಎಂದು ಉದ್ದೇಶವನ್ನೇ ಬಾಯಿಬಿಟ್ಟು ಹೇಳಿತು. ನೀವೂ ಹೇಳಬೇಕು.

ನಾನು ಹೇಳುವುದಾದರೆ, ಉತ್ತರವನ್ನು ಪ್ರೀತಿಯಲ್ಲಿ ಹುಡುಕುವುದಿಲ್ಲ. ಪ್ರೀತಿಗೆ ಸರ್ಕಾರದ ಮೊಹರು ಬೇಕಿಲ್ಲ. ಕಾನೂನಿನ ಕಣ್ಣಿನಲ್ಲಿ ಮದುವೆ ಮಾಡುವ ಕೆಲಸ ಬೇರೆ: ಒಬ್ಬರ ಬದುಕಿಗೆ ಇನ್ನೊಬ್ಬರು ಆಧಾರವಾಗಿ ನಿಂತಾಗ, ಕಾಗದ ಪತ್ರ ಏನೂ ಮಾಡಿಡದಿದ್ದರೂ, ಕಾಯಿಲೆ, ಸಾವು, ಜಗಳ, ಬೇರ್ಪಡೆಯಲ್ಲಿ ಯಾರಿಗೆ ಏನು ಸಲ್ಲಬೇಕು ಎಂದು ಮೊದಲೇ ನಿರ್ಧರಿಸಿಡುವುದು. ಇಬ್ಬರು ಗಂಡಸರು ಇಪ್ಪತ್ತು ವರ್ಷ ಒಟ್ಟಿಗೆ ಬಾಳಿ, ಒಬ್ಬನ ಹೆಸರಿನಲ್ಲಿರುವ ಮನೆಯ ಕಂತನ್ನು ಇಬ್ಬರೂ ಕಟ್ಟಿದ್ದಾರೆ ಎನ್ನಿ. ಹೆಸರಿದ್ದವನು ಹಿಂದೂ, ಉಯಿಲು ಬರೆಯದೆ ತೀರಿಕೊಂಡ. ಮನೆ ಅವನ ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ, ಅವರೂ ಇಲ್ಲದಿದ್ದರೆ ಒಡಹುಟ್ಟಿದವರಿಗೆ. ಜೊತೆಗಿದ್ದವನ ಹೆಸರು ಆ ಪಟ್ಟಿಯ ಯಾವ ಮೂಲೆಯಲ್ಲೂ ಇಲ್ಲ. ಬದುಕಿದ್ದಾಗಲೇ ಒಂದು ಪಾಲನ್ನು ದಾನ ಕೊಟ್ಟಿದ್ದರೆ? ಗಂಡ ಹೆಂಡತಿಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ‘ಸಂಬಂಧಿ’ಯಲ್ಲದವರಿಂದ ಒಂದು ವರ್ಷದಲ್ಲಿ ಬಂದ ನಗದು ಉಡುಗೊರೆ 50,000 ರೂಪಾಯಿ ಮೀರಿದರೆ ಇಡೀ ಮೊತ್ತ ಪಡೆದವನ ಆದಾಯಕ್ಕೆ ಸೇರುತ್ತದೆ, ಆಸ್ತಿಗೂ ಹೆಚ್ಚುಕಡಿಮೆ ಇದೇ ಕಥೆ.

ಈ ಆಧಾರದ ಅಗತ್ಯ ಸಲಿಂಗ ಜೋಡಿಗೆ ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಮನೆಯವರು ಕೈಬಿಟ್ಟಿರುವ ಸಂದರ್ಭಗಳಲ್ಲಂತೂ ಹೆಚ್ಚೇ. ಸಮಾನತೆಯ ವಾದಕ್ಕೆ ಕಾಲೂರಲು ನೆಲ ಸಿಗುವುದು ಇಲ್ಲಿ.

ಹೀಗೆಂದ ಕೂಡಲೇ ಚಿಕ್ಕಪ್ಪನ ಮೂರನೆಯ ಮಾತು ಎದುರಾಗುತ್ತದೆ. ಆಧಾರವೇ ಮುಖ್ಯವಾದರೆ ಒಟ್ಟಿಗೆ ಬಾಳುವ ಅಕ್ಕ ತಂಗಿಯರೇಕೆ ಬೇಡ? ಮೂವರೇಕೆ ಬೇಡ? ಅಕ್ಕ ತಂಗಿಯರ ವಿಷಯ ಸುಲಭ: ಅವರು ಕಾನೂನಿನಲ್ಲಿ ಈಗಾಗಲೇ ಸಂಬಂಧಿಗಳು. ವಾರಸಿನ ಪಟ್ಟಿಯಲ್ಲಿದ್ದಾರೆ, ಉಡುಗೊರೆ ತೆರಿಗೆಯ ವಿನಾಯಿತಿಯಲ್ಲೂ ಇದ್ದಾರೆ. ಮೂವರ ವಿಷಯ ಕಷ್ಟದ್ದು, ಕಷ್ಟವೆಂದು ಒಪ್ಪಿಕೊಂಡರೇ ಮರ್ಯಾದೆ. ‘ಇಬ್ಬರಿದ್ದಾಗ ತೀರ್ಮಾನ ಯಾರದು ಎಂಬ ಗೊಂದಲವಿಲ್ಲ, ಮೂವರಾದರೆ ಐಸಿಯು ಬಾಗಿಲಲ್ಲಿ ಯಾರ ಮಾತು ನಡೆಯಬೇಕು? ಒಬ್ಬರು ಬಿಟ್ಟುಹೋದರೆ ಉಳಿದಿಬ್ಬರ ಮದುವೆ ಉಳಿಯಿತೇ?’ ಎಂಬುದು ಕಾರ್ಯಸಾಧ್ಯತೆಯ ಉತ್ತರ. ಬಹುಪತ್ನಿತ್ವದ ಚರಿತ್ರೆಯಲ್ಲಿ ಹೆಂಗಸರ ಸ್ಥಾನಮಾನ ಏನಾಗಿತ್ತು ಎಂಬುದು ಇನ್ನೊಂದು ಉತ್ತರ. ಎರಡೂ ತೂಕದವೇ, ಆದರೆ ಬಾಗಿಲಿಗೆ ಬೀಗ ಜಡಿಯುವಷ್ಟಲ್ಲ. ಎಲಿಜಬೆತ್ ಬ್ರೇಕ್ ಎಂಬ ತತ್ತ್ವಜ್ಞೆ ‘ಹಾಗಾದರೆ ಬರಲಿ ಬಿಡಿ’ ಎಂದೇ ಹೇಳುತ್ತಾರೆ: ಪ್ರಣಯವಿರಲಿ ಇಲ್ಲದಿರಲಿ, ಇಬ್ಬರಿರಲಿ ಹೆಚ್ಚಿರಲಿ, ಪರಸ್ಪರ ಆರೈಕೆಯ ಸಂಬಂಧಕ್ಕೆ ರಾಜ್ಯ ಬೆಂಬಲ ಕೊಡಬೇಕು. ಟಮಾರಾ ಮೆಟ್ಜ್, ಕ್ಲೇರ್ ಚೇಂಬರ್ಸ್ ಇನ್ನೂ ಮುಂದೆ ಹೋಗಿ, ಮದುವೆ ಎಂಬ ಪಟ್ಟ ಕಟ್ಟುವ ಕೆಲಸವನ್ನೇ ರಾಜ್ಯ ಬಿಡಲಿ ಎನ್ನುತ್ತಾರೆ.

ಸಲಿಂಗಿಗಳೆಲ್ಲ ಮದುವೆಯ ಪರ ಎಂದುಕೊಂಡಿದ್ದರೆ ಅದೂ ಸರಿಯಲ್ಲ. ಅಮೆರಿಕದಲ್ಲಿ 1989ರಲ್ಲೇ, ಸಲಿಂಗಿಗಳ ಹಕ್ಕಿಗಾಗಿ ಕಾನೂನು ಹೋರಾಟ ಮಾಡುವ ಲ್ಯಾಂಬ್ಡಾ ಲೀಗಲ್ ಎಂಬ ಒಂದೇ ಸಂಸ್ಥೆಯ ಟಾಮ್ ಸ್ಟಾಡರ್ಡ್ ಮತ್ತು ಪೌಲಾ ಎಟಲ್‌ಬ್ರಿಕ್ ಮದುವೆಯ ಹಕ್ಕಿಗಾಗಿ ಹೋರಾಡಬೇಕೇ ಬೇಡವೇ ಎಂದು ಬಹಿರಂಗವಾಗಿಯೇ ಭಿನ್ನಮತ ಬರೆದಿದ್ದರು. ಮದುವೆ ಸಿಕ್ಕರೆ, ಮದುವೆಯಾಗದೆ ಬಾಳುವವರು ಇನ್ನಷ್ಟು ಅಂಚಿಗೆ ಸರಿಯುತ್ತಾರೆ ಎಂಬುದು ಎಟಲ್‌ಬ್ರಿಕ್ ಆತಂಕ. ತತ್ತ್ವಜ್ಞೆ ಕ್ಲಾಡಿಯಾ ಕಾರ್ಡ್, ಮದುವೆ ಎಂಬ ವ್ಯವಸ್ಥೆಯೇ ಹಿಂಸೆಯನ್ನು ಮುಚ್ಚಿಡುತ್ತದೆ ಎಂದರು. ನಮ್ಮಲ್ಲಿ ಈ ಚರ್ಚೆಗೆ ಬೇರೆಯದೇ ಬಣ್ಣ. ವಿಶೇಷ ವಿವಾಹ ಕಾಯ್ದೆಯ 5, 6 ಮತ್ತು 7ನೇ ಕಲಂ ಪ್ರಕಾರ 30 ದಿನ ಮೊದಲು ನೋಟಿಸ್ ಕೊಡಬೇಕು, ಅದನ್ನು ಎದ್ದುಕಾಣುವಂತೆ ಕಚೇರಿಯಲ್ಲಿ ಹಚ್ಚುತ್ತಾರೆ. ಹುಡುಗಿಯರಿಬ್ಬರು ಮನೆಬಿಟ್ಟು ಬಂದಿದ್ದರೆ ಆ ಕಾಗದ ಮನೆಯವರಿಗೆ ವಿಳಾಸ ಕೊಟ್ಟಂತೆಯೇ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ‘ಆಯ್ದುಕೊಂಡ ಕುಟುಂಬ’ವೂ ಉಂಟು ಎಂದದ್ದು ಮನೆಯವರು ತಡೆದಿಟ್ಟಿದ್ದ ಯುವತಿಯೊಬ್ಬಳ ಪ್ರಕರಣದಲ್ಲಿ.

ಈಗ ಸುಪ್ರೀಂ ಕೋರ್ಟ್. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಾಯಿತು (ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ). ಅದರ ಬೆನ್ನಿಗೇ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಕೂಡುವುದು 377ರಡಿ ಅಪರಾಧವಲ್ಲ ಎಂದಾಯಿತು. ಅಲ್ಲಿ ಕೇಳಿದ್ದು ರಾಜ್ಯ ದೂರ ಸರಿಯಲಿ ಎಂದು. ಮದುವೆಯ ಅರ್ಜಿಯಲ್ಲಿ ಕೇಳಿದ್ದು ರಾಜ್ಯ ಹತ್ತಿರ ಬರಲಿ, ಗುರುತಿಸಲಿ, ಸವಲತ್ತು ಕೊಡಲಿ ಎಂದು. ಮೊದಲನೆಯದನ್ನು ಗೆದ್ದವರು ಎರಡನೆಯದನ್ನೂ ಗೆಲ್ಲುತ್ತಾರೆಂಬ ಖಾತರಿ ತತ್ತ್ವಶಾಸ್ತ್ರದಲ್ಲೂ ಇಲ್ಲ, ಸಂವಿಧಾನದಲ್ಲೂ ಇಲ್ಲ.

ಸಲಿಂಗ ಮದುವೆಯ ಆ ಅರ್ಜಿಗಳ ಮೇಲೆ 2023ರ ಅಕ್ಟೋಬರ್ 17ರಂದು ಬಂದ ಸುಪ್ರಿಯೋ ಪ್ರಕರಣದ ತೀರ್ಪಿನಲ್ಲಿ ಪೀಠದ ಐವರು ನ್ಯಾಯಮೂರ್ತಿಗಳೂ ಒಪ್ಪಿದ ಎರಡು ಮಾತು: ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯೊಳಕ್ಕೆ ಸಲಿಂಗ ಮದುವೆಯನ್ನು ನ್ಯಾಯಾಲಯ ವ್ಯಾಖ್ಯಾನದ ಮೂಲಕ ಸೇರಿಸಲಾಗದು. ಒಡಕು ಬಂದದ್ದು ಆಮೇಲೆ, 3–2ರಲ್ಲಿ. ಒಟ್ಟಿಗೆ ಬಾಳುವ ಸ್ವಾತಂತ್ರ್ಯಕ್ಕೆ ಅರ್ಥ ಬರಬೇಕಾದರೆ ಆ ಸಂಬಂಧವನ್ನು ರಾಜ್ಯ ಗುರುತಿಸಿ ಸವಲತ್ತು ಕೊಡಬೇಕು ಎಂದರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್, ನ್ಯಾ. ಕೌಲ್ ಜೊತೆಗೂಡಿದರು. ಮದುವೆ ರಾಜ್ಯಕ್ಕಿಂತ ಹಳೆಯದು, ಸ್ವಾತಂತ್ರ್ಯವಿದೆ ಎಂದ ಮಾತ್ರಕ್ಕೆ ಹೊಸ ಸ್ಥಾನಮಾನ ಸೃಷ್ಟಿಸಿಕೊಡುವ ಕರ್ತವ್ಯ ರಾಜ್ಯಕ್ಕೆ ಹುಟ್ಟುವುದಿಲ್ಲ ಎಂದರು ನ್ಯಾ. ರವೀಂದ್ರ ಭಟ್, ನ್ಯಾ. ಹಿಮಾ ಕೊಹ್ಲಿ, ನ್ಯಾ. ನರಸಿಂಹ ಅತ್ತ ನಿಂತರು. ಭಿನ್ನಲಿಂಗದ ಸಂಬಂಧದಲ್ಲಿರುವ ಲಿಂಗತ್ವ ಅಲ್ಪಸಂಖ್ಯಾತರು ಈಗಿರುವ ಕಾಯ್ದೆಗಳಡಿಯೇ ಮದುವೆಯಾಗಬಹುದು ಎಂಬುದಕ್ಕೆ ಮಾತ್ರ ತಕರಾರಿರಲಿಲ್ಲ.

ಕಾಯ್ದೆಯನ್ನು ಮುಟ್ಟಲಾಗದು ಎಂಬುದಕ್ಕೆ ಕೊಟ್ಟ ಕಾರಣ ಪೂರಾ ನೆಪವೇನಲ್ಲ. 4ನೇ ಕಲಮಿನ ‘ಗಂಡಿಗೆ 21, ಹೆಣ್ಣಿಗೆ 18’ ಎಂಬುದನ್ನು ಹೇಗೋ ಹೊಂದಿಸಬಹುದು. ಆದರೆ ಹೆಂಡತಿಗೆ ಮಾತ್ರ ಇರುವ ವಿಚ್ಛೇದನದ ಹೆಚ್ಚುವರಿ ಕಾರಣಗಳು, 36 ಮತ್ತು 37ನೇ ಕಲಮಿನ ಜೀವನಾಂಶ, ವಾರಸಿನ ಕಾನೂನುಗಳಿಗೆ ಇರುವ ಕೊಂಡಿ ಎಲ್ಲ ಬಿಚ್ಚುತ್ತಾ ಹೋದರೆ ಅದು ತಿದ್ದುವ ಕೆಲಸವಾಗದೆ ಹೊಸ ಕಾಯ್ದೆ ಬರೆಯುವ ಕೆಲಸವಾಗುತ್ತದೆ. ನನಗೆ ದುರ್ಬಲವೆಂದು ಕಾಣುವುದು ಇನ್ನೊಂದು ಹೆಜ್ಜೆ. ಕಾನೂನಿನಿಂದ ಸಿಗುವ ಯಾವುದೇ ಸವಲತ್ತಿನ ಹಂಚಿಕೆಯನ್ನು ಸಂವಿಧಾನದ 14ನೇ ವಿಧಿಯಡಿ (ಕಾನೂನಿನ ಮುಂದೆ ಸಮಾನತೆ) ಪ್ರಶ್ನಿಸಬಹುದು. ಅದಕ್ಕೆ ಆ ಸವಲತ್ತೇ ಮೂಲಭೂತ ಹಕ್ಕಾಗಿರಬೇಕಿಲ್ಲ. ಬಹುಮತದ ತೀರ್ಪು ಇದಕ್ಕೆ, 1954ರ ಕಾಯ್ದೆಯ ಉದ್ದೇಶವೇ ಬೇರೆ ಬೇರೆ ಧರ್ಮದ ಗಂಡು–ಹೆಣ್ಣಿನ ಮದುವೆ, ಹಾಗಾಗಿ ತಾರತಮ್ಯವಿಲ್ಲ ಎಂದಿತು. ಹೊರಗಿಟ್ಟ ಗೆರೆಯಿಂದಲೇ ಉದ್ದೇಶವನ್ನು ಅಳೆದರೆ ಜಗತ್ತಿನ ಯಾವ ವರ್ಗೀಕರಣವೂ ಸೋಲುವುದಿಲ್ಲ. ನ್ಯಾ. ಕೌಲ್ ಮಾತ್ರ, ಕಾಯ್ದೆ 14ನೇ ವಿಧಿಗೆ ವಿರುದ್ಧ ಹೌದು, ಪರಿಹಾರ ಕೊಡುವುದಷ್ಟೇ ಕಷ್ಟ ಎಂದು ಎರಡನ್ನೂ ಬೇರೆ ಮಾಡಿ ಹೇಳಿದರು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು.

ಅದೇ ನ್ಯಾ. ಭಟ್ ಅವರ ತೀರ್ಪು, ಪಿ.ಎಫ್.ನಂಥ ಸವಲತ್ತು ಸಿಗದಿರುವುದು ಪರೋಕ್ಷ ತಾರತಮ್ಯ ಎಂದು ಒಪ್ಪಿದೆ, ಅದನ್ನು ನೋಡಲು ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿಗೆ ಬಿಟ್ಟಿದೆ. 2024ರಲ್ಲಿ ಜಂಟಿ ಬ್ಯಾಂಕ್ ಖಾತೆ ಮತ್ತು ನಾಮಿನಿಗೆ ಅಡ್ಡಿಯಿಲ್ಲ, ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಬೇಕು ಎಂಬ ಸೂಚನೆಗಳು ಕೇಂದ್ರದಿಂದ ಬಂದವು.

ಮುಂದಿನ ಸಲ ಮಾತು ಬಂದಾಗ ಅರವತ್ತೈದರ ವಿಧುರನ ಪ್ರಶ್ನೆಯಿಂದ ಶುರುಮಾಡಿ, ಮೂವರ ಪ್ರಶ್ನೆ ಕಷ್ಟದ್ದೆಂದು ನೀವೇ ಮೊದಲು ಒಪ್ಪಿಕೊಳ್ಳಿ; ಆಗ ಚಿಕ್ಕಪ್ಪನೂ ಮಾತಿಗೆ ಕೂರುತ್ತಾರೆ. ಮನೆಯಲ್ಲೋ ಗೆಳೆಯರಲ್ಲೋ ಇದು ನಿಜದ ಬದುಕಿನ ಪ್ರಶ್ನೆಯಾಗಿರುವವರಿದ್ದರೆ ಕಾಯ್ದೆಗೆ ಕಾಯದೆ ಮಾಡಬಹುದಾದದ್ದು ಸ್ವಲ್ಪವಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ ಉಯಿಲು ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಆಮೇಲೆ ತಕರಾರು ಕಡಿಮೆ. ಆಸ್ತಿ ಪಡೆಯುವವರೇ ಸಾಕ್ಷಿಯಾಗದಿರಲಿ. ಉಯಿಲಿನಿಂದ ಬಂದದ್ದಕ್ಕೆ ಆ ಉಡುಗೊರೆ ತೆರಿಗೆಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಂ ಪ್ರಕಾರ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ಯಾವ ವಯಸ್ಕರನ್ನಾದರೂ ಪ್ರತಿನಿಧಿಯಾಗಿ ನೇಮಿಸಬಹುದು, ನೆಂಟಸ್ತಿಕೆ ಬೇಕಿಲ್ಲ. ಜೀವವಿಮೆಯಲ್ಲಿ ನಾಮಿನಿ ಹೆಸರು ಹಾಕಿ ನಿಶ್ಚಿಂತರಾಗಬೇಡಿ: 2015ರ ತಿದ್ದುಪಡಿಯ ಪ್ರಕಾರ ಹಣ ನಾಮಿನಿಯ ಸ್ವಂತವಾಗುವುದು ಅವರು ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳಾಗಿದ್ದರೆ ಮಾತ್ರ, ಉಳಿದವರು ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವರು, ಹಾಗಾಗಿ ಅದೇ ಪಾಲಿಸಿಯನ್ನು ಉಯಿಲಿನಲ್ಲೂ ಕಾಣಿಸಬೇಕು. ಪಿ.ಎಫ್. ಮತ್ತು ಗ್ರ್ಯಾಚುಟಿಯಲ್ಲಿ ಈ ದಾರಿಯೂ ಇಕ್ಕಟ್ಟು. ಅವಲಂಬಿತ ತಂದೆ ತಾಯಿ ಇದ್ದರೆ ‘ಕುಟುಂಬ’ ಇದೆ ಎಂದೇ ಲೆಕ್ಕ, ಆಗ ಹೊರಗಿನವರ ಹೆಸರಿಗೆ ಮಾಡಿದ ನಾಮನಿರ್ದೇಶನ ಊರ್ಜಿತವಾಗುವುದಿಲ್ಲ. ಪಿ.ಎಫ್.ನಲ್ಲಿ ಇದನ್ನು ಸರಿಪಡಿಸಲು ಮದುವೆಯ ಕಾಯ್ದೆಯನ್ನು ಮುಟ್ಟಬೇಕಾಗಿಲ್ಲ, ಯೋಜನೆಯಲ್ಲಿರುವ ‘ಕುಟುಂಬ’ದ ವ್ಯಾಖ್ಯೆಗೆ ಒಂದು ಸಾಲು ಸೇರಿಸಿದರೆ ಸಾಕು, ಅದು ಕೇಂದ್ರ ಸರ್ಕಾರದ ಒಂದು ಅಧಿಸೂಚನೆಯ ಕೆಲಸ.